ಬಂದವರ ಮಾತು, ನಮ್ಮ ಮನೆಯ ಮಾತು

ಕಡತ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಕೆಲಸದ ವರ್ಷಗಳನ್ನೆಲ್ಲ ತಮಿಳು ಸೀಮೆಯ ಕೃಷ್ಣಗಿರಿಯ ಒಂದು ಸರಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಳೆದು ನಿವೃತ್ತನಾದವನು ನಾನು. ಕಾಗದ ತಾನಾಗಿ ಎದ್ದು ಹೋಗುವುದಿಲ್ಲ. ಇಲಿ ತಿಂದಿದ್ದರೆ ಹಿಕ್ಕೆ ಇರುತ್ತದೆ, ಗೆದ್ದಲು ತಿಂದಿದ್ದರೆ ಮಣ್ಣು ಇರುತ್ತದೆ, ಸುಟ್ಟಿದ್ದರೆ ಸುಡಲು ಒಪ್ಪಿಗೆ ಕೊಟ್ಟವರ ಸಹಿ ಇರುತ್ತದೆ. ಇದ್ಯಾವುದೂ ಇಲ್ಲದೆ ಬರಿದೇ ‘ಇಲ್ಲ’ ಎಂದರೆ ಹುಡುಕಲು ಸೋಮಾರಿತನ, ಇಲ್ಲವೇ ತೋರಿಸಲು ಮನಸ್ಸಿಲ್ಲ ಎಂದೇ ಅರ್ಥ.

ಹಾಗಾಗಿ ಆ ದಿನ ಅಂಚೆಯಲ್ಲಿ ಬಂದ ಕಾಗದ ಓದಿ ನನ್ನ ಪಿತ್ತ ನೆತ್ತಿಗೇರಿತು. ನಾನು ಹಾಕಿದ್ದ ಮಾಹಿತಿ ಹಕ್ಕಿನ ಅರ್ಜಿಗೆ ಶಿಕ್ಷಣ ಇಲಾಖೆಯ ಒಂದು ಕಚೇರಿಯಿಂದ ಬಂದ ಉತ್ತರ ಅದು. ತಾವು ಕೋರಿರುವ ದಾಖಲೆಗಳು ಈ ಕಚೇರಿಯಲ್ಲಿ ಲಭ್ಯವಿಲ್ಲ ಎಂದು ತಮಿಳಿನಲ್ಲಿ ಒಂದೇ ಸಾಲು, ಕೆಳಗೆ ಯಾರದೋ ಸಹಿ. ಗಡುವಿನ ಕೊನೆಯ ದಿನ ಟಪಾಲಿಗೆ ಹಾಕಿದ್ದರು. ಅಷ್ಟರ ಮಟ್ಟಿಗೆ ಕಾಯಿದೆ ಪಾಲಿಸಿದ್ದರು.

ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನನ್ನ ಒಡಹುಟ್ಟಿದವಳು, ನನಗಿಂತ ದೊಡ್ಡವಳು, ಗಂಡ ತೀರಿಹೋದ ಮೇಲೂ ಮಗ ಸೊಸೆಯ ಜೊತೆ ಇದೇ ಊರಿನಲ್ಲಿದ್ದಾಳೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ.

“ಏನ್ಲಾ, ಮಕ ಹಂಗ್ ಮಾಡ್ಕಂಡಿದ್ದೀಯ? ಯಾರಾನ ಹೋಗ್ಬುಟ್ರಾ?” ಎಂದಳು.

“ಯಾರೂ ಹೋಗಿಲ್ಲ ಕಣಕ್ಕ. ಕಾಗ್ದ ಹೋಗೈತಂತೆ.”

“ಅಷ್ಟೇ ತಾನೆ. ಇನ್ನೊಂದ್ ಬರ್ಕೊಡು ಅನ್ನು.”

ಅವಳಿಗೆ ಎಲ್ಲವೂ ಅಷ್ಟೇ ತಾನೆ. ಆದರೆ ಈ ಸಲ ಕಳೆದುಹೋಗಿದ್ದು ಅವಳ ಮೊಮ್ಮಗಳ ಓದಿನ ವಿಷಯವಾಗಿತ್ತು.

ಉದ್ದನಪಲ್ಲಿಯಿಂದ ಒಳಗೆ ಹೋದರೆ ನಮ್ಮ ಹಳ್ಳಿ. ಊರಿನ ಶಾಲೆಯಲ್ಲಿ ತಮಿಳು ಮಾಧ್ಯಮವೂ ಇದೆ, ಕನ್ನಡ ಮಾಧ್ಯಮವೂ ಇದೆ. ಕನ್ನಡದ್ದು ಎಂದರೆ ಒಂದು ಕೋಣೆ, ಒಬ್ಬ ಮೇಡಮ್ಮು. ಮೇಡಮ್ಮು ದಿನಾ ಹೊಸೂರಿನಿಂದ ಬಸ್ಸಿನಲ್ಲಿ ಬರುತ್ತಾರೆ. ಗೋಡೆಯ ಮೇಲಿನ ವರ್ಣಮಾಲೆಯನ್ನು ತಾವೇ ಬಣ್ಣ ತಂದು ಬರೆದಿದ್ದಾರೆ. ಅಕ್ಕನ ಮೊಮ್ಮಗಳು ಅಲ್ಲಿ ನಾಲ್ಕನೇ ತರಗತಿ. ತಮಿಳನ್ನೂ ಕಲಿಯುತ್ತಾಳೆ, ಚೆನ್ನಾಗಿಯೇ ಕಲಿಯುತ್ತಾಳೆ. ಅದಕ್ಕೆ ನಮ್ಮದೇನೂ ತಕರಾರಿಲ್ಲ. ನಾನು ಬದುಕಿಡೀ ಟಿಪ್ಪಣಿ ಬರೆದದ್ದು ತಮಿಳಿನಲ್ಲಿ, ಸಂಬಳ ತೆಗೆದುಕೊಂಡು ಸಹಿ ಹಾಕಿದ್ದೂ ತಮಿಳಿನಲ್ಲಿ.

ಮಗುವಿನ ಅಪ್ಪ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಅಮ್ಮ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಹೂವು ಕತ್ತರಿಸುತ್ತಾಳೆ. ಸಂಜೆ ಮಗುವಿಗೆ ಅಜ್ಜಿಯೇ ಗತಿ, ಅಜ್ಜಿಗೆ ಮಗುವೇ ಗತಿ. ಶಾಲೆಯಿಂದ ಬಂದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಪುಸ್ತಕ ತೆಗೆಯುತ್ತಾರೆ. ಅಕ್ಕ ಓದಿದ್ದೂ ಅದೇ ಶಾಲೆಯಲ್ಲಿ, ಅದೇ ಕೋಣೆಯಲ್ಲಿ, ನಾಲ್ಕನೆಯವರೆಗೆ. ಮೂರು ಭಾಷೆ ಮಾತಾಡುವ ಅವಳಿಗೆ ಓದಲು ಬರುವುದು ಒಂದೇ. ಮಗು ಬೇಕೆಂದೇ ಒಂದು ಸಾಲು ಹಾರಿಸುತ್ತಾಳೆ. “ಏಯ್ ಕಳ್ಳಿ, ಮದ್ಯದ್ದು ಎಲ್ಲಿ?” ಎಂದು ಅಜ್ಜಿ ಹಿಡಿಯುತ್ತಾಳೆ. ಆಮೇಲೆ ಇಬ್ಬರೂ ನಗುತ್ತಾರೆ. ಗೋಡೆಯ ಈಚೆ ಕೂತು ನಾನು ದಿನಾ ಇದನ್ನು ಕೇಳುತ್ತೇನೆ, ಕೇಳಿಸದ ದಿನ ಎದ್ದು ಹೋಗಿ ನೋಡುತ್ತೇನೆ.

ಅವರೆಕಾಯಿ ಕಾಲ ಇನ್ನೂ ಶುರುವಾಗುವ ಮುಂಚೆ ಒಂದು ದಿನ ಹೆಡ್ಮಾಸ್ಟರು ನಮ್ಮನ್ನೆಲ್ಲ ಶಾಲೆಗೆ ಕರೆಸಿದ್ದರು. ಒಳ್ಳೆಯ ಮನುಷ್ಯ, ಹೇಳುವುದಕ್ಕೆ ಬಹಳ ಸಂಕಟಪಟ್ಟರು. ಹಿಂದಿನ ವರ್ಷ ಮನೆಮನೆಗೆ ಹೋಗಿ ಸರ್ವೆ ಮಾಡಿದ್ದಾರೆ. ಅದರ ಪ್ರಕಾರ ನಮ್ಮ ಊರಿನಲ್ಲಿ ಕನ್ನಡ ಮಾತೃಭಾಷೆಯ ಮಗು ಒಂದೂ ಇಲ್ಲ. ಮಕ್ಕಳೇ ಇಲ್ಲದ ಮೇಲೆ ಟೀಚರ್ ಯಾಕೆ? ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮೇಡಮ್ಮನ್ನು ಬೇರೆ ಕಡೆಗೆ ಹಾಕುತ್ತಾರೆ, ಈಗ ಕೋಣೆಯಲ್ಲಿರುವ ಮಕ್ಕಳನ್ನು ಪಕ್ಕದ ತಮಿಳು ತರಗತಿಗೆ ಸೇರಿಸುತ್ತಾರೆ. ಮೇಡಮ್ಮು ಬಾಗಿಲ ಬಳಿ ನಿಂತಿದ್ದರು. ಅವರ ಹಿಂದೆ ಕೋಣೆಯ ಮಕ್ಕಳು ಒಂದೇ ದನಿಯಲ್ಲಿ ಕನ್ನಡ ಪದ್ಯ ಹೇಳುತ್ತಿದ್ದರು. ಕಾಗದದ ಪ್ರಕಾರ ಆ ಮಕ್ಕಳು ಇರಲೇ ಇಲ್ಲ.

ಸಿಟ್ಟಿನಲ್ಲಿ ನನಗೆ ಒಂದೇ ಯೋಚನೆ ಬಂತು. ಸರ್ವೆಗೆ ಬಂದವರು ಟೀ ಅಂಗಡಿಯಲ್ಲಿ ಕೂತು ತುಂಬಿಸಿದ್ದಾರೆ. ಅಂಥ ಸರ್ವೆಗಳನ್ನು ರೆಕಾರ್ಡ್ ರೂಮಿನಲ್ಲಿ ಎಷ್ಟು ನೋಡಿದ್ದೇನೆ! ಇಡೀ ಊರಿಗೆ ಒಂದೇ ಕೈಬರಹ, ಒಂದೇ ಪೆನ್ನು, ಎಲ್ಲರದೂ ಒಂದೇ ಬಗೆಯ ಸಹಿ, ಮೂಲೆಯಲ್ಲಿ ಟೀ ಲೋಟದ ಗುರುತು. ಈ ಸಲ ಕಳ್ಳರು ಸಿಕ್ಕಿಬಿದ್ದರು ಎಂದುಕೊಂಡೆ. ನಮ್ಮ ಊರಿನ ಸರ್ವೆ ಫಾರಂಗಳನ್ನು ನಾನೇ ಕಣ್ಣಾರೆ ನೋಡಬೇಕು ಎಂದು ಸ್ಟಾಂಪ್ ಅಂಟಿಸಿ ಅರ್ಜಿ ಬರೆದೆ. ಅದಕ್ಕೆ ಬಂದದ್ದೇ ಆ ‘ಲಭ್ಯವಿಲ್ಲ’.

ದಾಖಲೆ ಕಾನೂನುಗಳನ್ನು ಓದಿದರೆ ಯಾರಿಗಾದರೂ ನೆಮ್ಮದಿಯಾಗುತ್ತದೆ. ಪ್ರತಿ ಕಚೇರಿಯೂ ತನ್ನ ದಾಖಲೆಗಳಿಗೆ ಪಟ್ಟಿ ಮಾಡಿ, ಸೂಚಿ ಮಾಡಿ, ಕೇಳಿದವರಿಗೆ ಸಿಗುವ ಹಾಗೆ ಇಟ್ಟಿರಬೇಕು ಎಂದು ಮಾಹಿತಿ ಹಕ್ಕಿನ ಕಾಯಿದೆಯ ಮೊದಮೊದಲ ಪುಟಗಳಲ್ಲೇ ಇದೆ. ನಮ್ಮ ಕಡೆಯ ಕಚೇರಿಗಳಲ್ಲಿ ಅದಕ್ಕೂ ಎಷ್ಟೋ ಹಿಂದಿನಿಂದ ಬಂದ ಇನ್ನೊಂದು ಕ್ರಮವಿದೆ. ಕಡತ ಮುಗಿದ ದಿನ ಅದರ ಮೇಲೆ ಒಂದು ಅಕ್ಷರ ಹಾಕುತ್ತಾರೆ. ಆರ್ ಎಂದು ಹಾಕಿದರೆ ಅದು ಶಾಶ್ವತ. ಎಲ್ ಎಂದು ಹಾಕಿದರೆ ಒಂದು ವರ್ಷ ಇಟ್ಟು ನಾಶ ಮಾಡಬಹುದು. ನಡುವೆ ಇನ್ನೂ ಒಂದೆರಡು ಅಕ್ಷರಗಳು, ಅವಕ್ಕೆ ನಡುವಿನ ಆಯುಸ್ಸು. ಯಾವ ಅಕ್ಷರ ಹಾಕಬೇಕು ಎನ್ನುವುದು ಮೇಜಿನ ಆಚೆ ಕೂತವರ ಕೈಯಲ್ಲಿ. ನಾನೂ ಎಲ್ ಕಡತಗಳನ್ನು ಹಿತ್ತಲಿನಲ್ಲಿ ರಾಶಿ ಹಾಕಿ ಸುಟ್ಟಿದ್ದೇನೆ. ಪಟ್ಟಿ ಬರೆದು, ಮೇಲಿನವರ ಸಹಿ ತೆಗೆದುಕೊಂಡು, ನಿಯಮದಂತೆ ಸುಟ್ಟಿದ್ದೇನೆ. ಅದರ ಬಗ್ಗೆ ನನಗೆ ಯಾವ ಅಳುಕೂ ಇಲ್ಲ. ಇಟ್ಟುಕೊಳ್ಳುವುದು ಹೇಗೆ ಕೆಲಸವೋ ಬಿಸಾಡುವುದೂ ಹಾಗೇ ಕೆಲಸ, ಎರಡಕ್ಕೂ ಲೆಕ್ಕ ಇರಬೇಕು.

ನಡೆಯುವುದೇ ಬೇರೆ. ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾಗಿ ಹೊಸ ಜಿಲ್ಲೆಯಾದಾಗ ಕಡತಗಳು ಲಾರಿಗಳಲ್ಲಿ ಬಂದವು. ಅಂದಿನಿಂದ ಸಿಗದಿದ್ದಕ್ಕೆಲ್ಲ ಒಂದೇ ವಿಳಾಸ. “ಧರ್ಮಪುರಿಲ ಇರುಕ್ಕುಂ”, ಧರ್ಮಪುರಿಯಲ್ಲಿರುತ್ತದೆ, ಎಂದರೆ ಮುಗಿಯಿತು. ಧರ್ಮಪುರಿಗೆ ಹೋಗಿ ಕೇಳಿದರೆ, ನಿಮಗೇ ಕಳಿಸಿದೆವಲ್ಲ ಎನ್ನುತ್ತಾರೆ. ಇನ್ನೂ ಹಳೆಯದಾದರೆ, ಧರ್ಮಪುರಿಯೂ ಹಿಂದೆ ಸೇರಿದ್ದ ಸೇಲಂ. ಬೆಟ್ಟದ ಕಡೆಯಿಂದ, ನಾಟ್ರಾಂಪಾಳ್ಯದಂಥ ಊರುಗಳಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು ಈ ಮಾತು ಕೇಳಿ ಸುಮ್ಮನೆ ಬಸ್ಸು ಹತ್ತುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಈಗ ನನ್ನ ಸರದಿ. ಆ ಕಚೇರಿಗೆ ಹೋಗಿ ಗುಮಾಸ್ತರನ್ನು ಕೇಳಿದಾಗ ಅವರು ಫೋನಿನಿಂದ ತಲೆ ಎತ್ತದೆ, “ಧರ್ಮಪುರಿಲ ಇರುಕ್ಕುಂ ಸಾರ್” ಎಂದರು.

“ಹೋದ ವರ್ಷ ಬರೆದ ಫಾರಂ ಧರ್ಮಪುರಿಗೆ ಯಾವ ಲಾರಿಯಲ್ಲಿ ಹೋಯಿತು?” ಎಂದು ತಮಿಳಿನಲ್ಲೇ ಕೇಳಿದೆ. ಅವರು ನಕ್ಕರು, ನಾನು ನಗಲಿಲ್ಲ.

ಮೇಲ್ಮನವಿ ಹಾಕಿದೆ. ಈ ಸಲ ಫಾರಂ ಕೊಡಿ ಎಂದು ಕೇಳಲಿಲ್ಲ. ನಾಶ ಮಾಡಿದ ದಾಖಲೆಗಳ ಪಟ್ಟಿ ಕೊಡಿ, ಯಾವ ದಿನ ಯಾರ ಒಪ್ಪಿಗೆಯಿಂದ ನಾಶ ಮಾಡಿದಿರಿ ತೋರಿಸಿ ಎಂದು ಕೇಳಿದೆ. ಅಂಥ ಪಟ್ಟಿ ಅವರಲ್ಲಿ ಇರಲಿಲ್ಲ. ಪಟ್ಟಿ ಇಲ್ಲದಿದ್ದರೆ ನಾಶವೂ ಆಗಿಲ್ಲ, ನಾಶವಾಗದಿದ್ದರೆ ಅದು ಈ ಕಟ್ಟಡದಲ್ಲೇ ಇದೆ, ಹುಡುಕಿ ಕೊಡಿ, ಸಿಗುವ ತನಕ ನಾನು ಇಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ ಎಂದೆ. ನಿಜವಾಗಿಯೂ ಕೂತೆ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಊಟದ ಹೊತ್ತಿಗೆ ಅಕ್ಕನ ಅವರೆಕಾಳಿನ ಸಾರಿನ ವಾಸನೆ ಇಡೀ ಕಚೇರಿಗೆ ಹರಡುತ್ತಿತ್ತು. ಆ ಗುಮಾಸ್ತರಿಗೂ ಒಂದು ದಿನ ಕೊಟ್ಟೆ. ಜಗಳ ಬೇರೆ, ಊಟ ಬೇರೆ.

ಕಡೆಗೆ ಸಿಕ್ಕವು. ಮಕ್ಕಳಿಗೆ ಹಂಚಲು ತಂದ ಸೈಕಲ್ಲುಗಳನ್ನು ಇಡುವ ಶೆಡ್ಡಿನಲ್ಲಿ, ಒಂದು ಗೋಣಿಚೀಲದಲ್ಲಿ, ಬಾಯಿ ಕಟ್ಟಿ ಇಟ್ಟಿದ್ದರು. ಚೀಲದ ಮೇಲೆ ಸೈಕಲ್ ಸೀಟುಗಳನ್ನು ಪೇರಿಸಿದ್ದರು. ಯಾರೂ ಬಚ್ಚಿಟ್ಟದ್ದಲ್ಲ, ಬರೀ ಅಲಕ್ಷ್ಯ. ಗುಮಾಸ್ತರು ಧೂಳು ಕೊಡವಿ ನನ್ನ ಮುಂದೆ ಇಟ್ಟರು. ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಬಿಚ್ಚಿದೆ.

ಮೊದಲ ಫಾರಂ ನೋಡಿದೆ. ಎರಡನೆಯದು ನೋಡಿದೆ. ಕೈಬರಹ ಒಂದೇ, ಅದು ಸರಿ, ಸರ್ವೆಗೆ ಬಂದವಳು ಒಬ್ಬಳೇ. ಆದರೆ ಹಿಡಿದು ತೋರಿಸಲು ಒಂದು ಸುಳ್ಳೂ ಸಿಗಲಿಲ್ಲ. ಮನೆಯಲ್ಲಿ ಎಷ್ಟು ಜನ, ಮಕ್ಕಳ ವಯಸ್ಸೆಷ್ಟು, ದನ ಇದೆಯೇ, ಕಕ್ಕಸು ಇದೆಯೇ, ಎಲ್ಲ ಸರಿಯಾಗಿ ಬರೆದಿದ್ದಳು. ನಮ್ಮ ಬೀದಿಯಲ್ಲಿ ಮಕ್ಕಳಿರುವ ಪ್ರತಿ ಮನೆಗೂ ಹೋಗಿದ್ದಳು. ಮಾತೃಭಾಷೆ ಎಂಬಲ್ಲಿ ಪ್ರತಿ ಮನೆಗೂ ತಮಿಳು ಎಂದು ಬರೆದಿದ್ದಳು. ಕೆಳಗೆ ಪ್ರತಿ ಮನೆಯವರೂ ತಾವೇ ಸಹಿ ಹಾಕಿದ್ದರು. ಅಕ್ಕನ ಮನೆಯ ಫಾರಂ ಬಂತು. ಅಲ್ಲೂ ತಮಿಳು, ಅದರ ಕೆಳಗೆ ಅಕ್ಕನ ಸಹಿ. ಗುಂಡಗಿನ, ದಪ್ಪ ದಪ್ಪ ಅಕ್ಷರ. ಕನ್ನಡದಲ್ಲಿ.

ಗುಮಾಸ್ತರು ಏನಾಯಿತು ಎಂದು ಕೇಳಿದರು. ನಾನು ಅದರ ನಕಲು ಮಾಡಿಸಿಕೊಂಡು ಬಸ್ಸು ಹತ್ತಿದೆ. ಟೀ ಅಂಗಡಿಯಲ್ಲಿ ಕೂತು ಬರೆದರು ಎಂದು ಕಚೇರಿಯಲ್ಲೆಲ್ಲ ಸಾರಿದ್ದೆ. ಆ ಹುಡುಗಿ ಪಾಪ ಬಿಸಿಲಿನಲ್ಲಿ ಮನೆಮನೆ ತಿರುಗಿದ್ದಳು. ಊರಿಗೆ ಬಂದಾಗ ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಅಕ್ಕ, ಹೋದ್ ವರ್ಸ ಒಂದ್ ಹುಡುಗಿ ಬರ್ಕಳಾಕೆ ಬಂದಿತ್ತಂತಲ್ಲ. ಮನೇಲಿ ಏನ್ ಮಾತಾಡ್ತೀರಾ ಅಂತ ಕೇಳ್ತಾ?”

“ಕೇಳ್ತು.”

“ನೀನೇನಂದೆ?”

“ಆ ಮಗು ತಮಿಳ್ನಾಗೆ ಕೇಳ್ತು. ತಮಿಳ್ ದಾನೇ ಪಾಟಿ ಅಂತು. ಆಮಾ ಕಣ್ಣು ಅಂದೆ.” ತಮಿಳು ತಾನೇ ಅಜ್ಜಿ ಎಂದದ್ದಕ್ಕೆ ಹೌದು ಮಗಾ ಎಂದಿದ್ದಳು.

“ನಮ್ಮನೆ ಮಾತು ತಮಿಳಾ?”

ಅಕ್ಕ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. “ಮತ್ತೇನನ್ಬೇಕಿತ್ಲಾ? ಬಿಸ್ಲಾಗೆ ಸುಸ್ತಾಗಿ ಬಂದೈತೆ, ನಮ್ ಜಗ್ಲಿ ಮ್ಯಾಗೆ ಕೂತೈತೆ. ನಿನ್ ಮಾತು ನಮ್ಮನೇದಲ್ಲ ಅಂತ ಮಕಕ್ಕೆ ಹೊಡ್ದಂಗ್ ಹೇಳಾಕಾಯ್ತದಾ?”

ಆಗ ನನಗೆ ಎಲ್ಲ ಅರ್ಥವಾಯಿತು, ಸಿಟ್ಟು ಇನ್ನೂ ಹೆಚ್ಚಾಯಿತು. ಇದು ನಮ್ಮ ಕಡೆಯ ಮರ್ಯಾದೆ. ನಮ್ಮ ಬೀದಿಯಲ್ಲಿ ಎದುರು ಮನೆಯವರು ತೆಲುಗು, ಅಂಗಡಿಯವರು ತಮಿಳು. ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ ಹೇಳುತ್ತೇವೆ, ತಮಿಳಿನಲ್ಲಿ ಕೇಳಿದರೆ ತಮಿಳಿನಲ್ಲಿ. ಬಂದವರ ಮಾತನ್ನು ನಮ್ಮದಲ್ಲ ಎನ್ನುವುದು ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ. ನಮ್ಮ ಅವ್ವ ಎತ್ತು ಕೊಳ್ಳಲು ಗಡಿಯಾಚೆಯಿಂದ ಬಂದವರ ಜೊತೆ ತೆಲುಗಿನಲ್ಲಿ ಎಷ್ಟು ಸಲೀಸಾಗಿ ಮಾತಾಡುತ್ತಿದ್ದಳೆಂದರೆ, ಅವರು ನಮ್ಮನ್ನು ತಮ್ಮ ಜನವೆಂದೇ ತಿಳಿದು ಊಟಕ್ಕೆ ಕೂರುತ್ತಿದ್ದರು. ಅಲ್ಲ ಎಂದು ಅವ್ವ ಹೇಳುತ್ತಿರಲಿಲ್ಲ. ಸರ್ವೆಯ ಪ್ರಶ್ನೆ ನಮ್ಮ ಜನಕ್ಕೆ ಪ್ರಶ್ನೆಯಾಗಿ ಕೇಳಿಸಲೇ ಇಲ್ಲ. ದೂರದಿಂದ ಬಂದವಳೊಬ್ಬಳು, ನನ್ನ ಮಾತು ಇಲ್ಲಿ ನಡೆಯುತ್ತದಾ ಎಂದು ಅಳುಕುತ್ತ ಕೇಳಿದ ಹಾಗೆ ಕೇಳಿಸಿತು. ನಡೆಯುತ್ತದೆ ಕಣಮ್ಮಾ, ಕೂತ್ಕೋ ಎಂದರು. ಇಡೀ ಬೀದಿ ಹಾಗೆಂದಿತು. ಮೇಲಿನವರು ಅದನ್ನು ಕೂಡಿಸಿ, ಕನ್ನಡ ಸೊನ್ನೆ ಎಂದು ಬರೆದರು.

“ನಿನ್ ಮರ್ಯಾದೆಗೆ ಮಗೀನ ಕೋಣೆ ಮುಚ್ತಾವ್ರೆ,” ಎಂದು ಕೂಗಿದೆ. “ಮೇಡಮ್ಮು ಹೋಯ್ತಾರೆ. ನಾಳೆಯಿಂದ ಅದರ ಪುಸ್ತಕ ತೆಗೆದ್ರೆ ನಿನಗೆ ಒಂದಕ್ಸರ ಗೊತ್ತಾಗಕಿಲ್ಲ.”

ಅಕ್ಕ ಸುಲಿಯುವುದನ್ನು ನಿಲ್ಲಿಸಿದಳು. ಮಗು ಒಳಗಿನಿಂದ ಬಂದು ನಮ್ಮಿಬ್ಬರ ಮುಖ ನೋಡಿ ಮತ್ತೆ ಒಳಗೆ ಹೋದಳು. ಆ ಸಂಜೆ ಅವರು ಓದಲಿಲ್ಲ. ಗೋಡೆಯ ಈಚೆ ನನಗೂ ಊಟ ಸೇರಲಿಲ್ಲ.

ದಾಖಲೆಯನ್ನು ತಿದ್ದುವುದು ಅಪರಾಧ, ಅದು ನನಗೆ ಗೊತ್ತಿದ್ದದ್ದೇ. ತಪ್ಪು ಎಂದು ಗೊತ್ತಾದರೂ ಹೊಡೆದುಹಾಕಿ ಬರೆಯುವ ಹಾಗಿಲ್ಲ. ಹೊಸ ಹೇಳಿಕೆಯನ್ನು ಅದರ ಜೊತೆ ಸೇರಿಸಬಹುದು, ಅಷ್ಟೇ. ಈ ನಿಯಮವನ್ನು ನಾನು ಇವತ್ತಿಗೂ ಸರಿಯೆನ್ನುತ್ತೇನೆ. ಬೇಕಾದವರು ಬೇಕಾದಾಗ ಅಳಿಸಿ ಬರೆಯುವ ಹಾಗಿದ್ದರೆ ಬಡವರ ಹೊಲ ಎಂದೋ ಹೋಗುತ್ತಿತ್ತು. ನಮ್ಮ ಮನೆಗಳ ಹೇಳಿಕೆ ತೆಗೆದುಕೊಳ್ಳಿ, ಸರ್ವೆಯ ಜೊತೆ ಸೇರಿಸಿ, ಆಮೇಲೆ ತೀರ್ಮಾನ ಮಾಡಿ ಎಂದು ಮತ್ತೆ ಬರೆದೆ. ಅವರು ಬೇಡ ಎನ್ನುವಂತಿರಲಿಲ್ಲ. ಪರೀಕ್ಷೆಗೆ ಮುಂಚೆ ಒಂದು ದಿನ ಎಲ್ಲರೂ ಬನ್ನಿ, ಶಿಕ್ಷಣಾಧಿಕಾರಿ ಸಾಹೇಬರೇ ಕೇಳುತ್ತಾರೆ ಎಂದು ಪತ್ರ ಬಂತು.

ಹೋಗುವ ಮುಂಚೆ ಅಕ್ಕನಿಗೆ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. “ಆವಪ್ಪ ತಮಿಳ್ನಾಗೆ ಕೇಳ್ದಾಗ ನಾನ್ ಕನ್ನಡದಾಗೆ ಅಂದ್ರೆ ಮಕದ ಮ್ಯಾಲೆ ಬಾಗ್ಲು ಹಾಕ್ದಂಗಾಗಕಿಲ್ವಾ? ನೀನು ಹೇಳು, ನೀನು ಓದಿದೋನು. ನನ್ ಕೈಲಿ ಆಗಾಕಿಲ್ಲ,” ಎಂದಳು.

“ನನ್ನ ಕೇಳಾಕಿಲ್ಲ ಕಣಕ್ಕ. ಸಹಿ ನಿಂದು. ನಿನ್ನೇ ಕೇಳ್ತಾರೆ.”

“ಬತ್ತೀನಿ. ಬಂದು ನಿಂತ್ಕಂತೀನಿ. ಮಾತು ಬಂದ್ರೆ ಬತ್ತದೆ.”

ಬೀದಿಯ ಕನ್ನಡ ಮನೆಗಳ ಹೆಂಗಸರೂ ನಾನೂ ಬಸ್ಸಿನಲ್ಲಿ ಹೊರಟೆವು. ನಾನೊಬ್ಬನೇ ಗಂಡಸು, ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಕಚೇರಿಯಲ್ಲಿ ಕಾಯುವಾಗ ಅಕ್ಕ ಅಲ್ಲಿನ ಪ್ಯೂನನ ಜೊತೆ ತಮಿಳಿನಲ್ಲಿ ಹರಟೆ ಶುರುಮಾಡಿದಳು. ಅವನ ಮಗಳ ಮದುವೆ ಎಲ್ಲಿ ಆಯಿತು, ಅಳಿಯ ಏನು ಮಾಡುತ್ತಾನೆ, ಎಲ್ಲ ವಿಚಾರಿಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಹೇಬರು ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದರು, ಇದೆಲ್ಲ ಅವರಿಗೆ ಕೇಳಿಸುತ್ತಿತ್ತು.

ಅವರು ದಕ್ಷಿಣದ ಜಿಲ್ಲೆಯ ಕಡೆಯವರು, ನಮ್ಮ ಕಡೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ನಯವಾಗಿ ಮಾತಾಡಿದರು. ಅರ್ಜಿ ನನ್ನದೆಂದು ನನ್ನನ್ನು ಮೇಜಿನ ಪಕ್ಕದಲ್ಲೇ ಕೂರಿಸಿಕೊಂಡರು. ಮೊದಲು ಒಳಗೆ ಹೋದದ್ದು ನಮ್ಮ ಪಕ್ಕದ ಮನೆಯ ಹೆಂಗಸು. ಸಾಹೇಬರು ನಗುಮುಖದಿಂದ, “ಅಮ್ಮಾ, ವೀಟ್ಲ ಎನ್ನ ಪೇಸುವೀಂಗ?” ಎಂದರು. ಮನೆಯಲ್ಲಿ ಏನು ಮಾತಾಡುತ್ತೀರಿ? ಅಷ್ಟೇ ಪ್ರಶ್ನೆ.

“ತಮಿಳ್ ದಾಂಗ,” ತಮಿಳೇ ಎಂದಳು ಅವಳು, ಸೆರಗು ಸರಿಮಾಡಿಕೊಳ್ಳುತ್ತ.

ಸಾಹೇಬರು ನನ್ನ ಕಡೆ ನೋಡಿದರು. ಗುಮಾಸ್ತರೂ ನೋಡಿದರು. ಅವಳಿಗೆ ತಾನು ಏನಂದೆ ಎಂದು ಆಮೇಲೆ ಹೊಳೆಯಿತು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಷ್ಟು ತಿಂಗಳ ಅರ್ಜಿ, ಬೆಂಚು, ಮೇಲ್ಮನವಿ ಎಲ್ಲ ಆ ಎರಡು ಮಾತಿನಲ್ಲಿ ನೀರುಪಾಲಾಯಿತು ಎಂದುಕೊಂಡೆ.

ಮುಂದೆ ಅಕ್ಕ. ಮೇಜಿನ ಮುಂದೆ ನಿಂತಳು. ಸಾಹೇಬರು ಅದೇ ನಗುವಿನಿಂದ ಅದೇ ಪ್ರಶ್ನೆ ಕೇಳಿದರು. ಅಕ್ಕ ಉತ್ತರಿಸಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದರು. ಹುಟ್ಟಿದಾಗಿನಿಂದ ಯಾರ ಮಾತಿಗೂ ಬೇರೆ ಮಾತಿನಲ್ಲಿ ಉತ್ತರ ಕೊಟ್ಟವಳಲ್ಲ ಅವಳು.

“ಕನ್ನಡ ಕಣಪ್ಪಾ,” ಎಂದಳು. “ನಮ್ಮನೇಲಿ ಕನ್ನಡ.”

“ತಮಿಳ್ ತೆರಿಯಾದಾಮ್ಮಾ?” ತಮಿಳು ಬರುವುದಿಲ್ಲವೇ ಎಂದು ಸಾಹೇಬರು ಆಶ್ಚರ್ಯದಿಂದ ಕೇಳಿದರು. ಪ್ಯೂನನ ಜೊತೆ ಆಡಿದ್ದೆಲ್ಲ ಅವರು ಕೇಳಿದ್ದರು.

ಅಕ್ಕನ ಕಣ್ಣಿನಲ್ಲಿ ನೀರು ತುಂಬಿತ್ತು. ಆದರೂ ದನಿ ನಡುಗಲಿಲ್ಲ. “ಬತ್ತದೆ. ತೆಲುಗೂ ಬತ್ತದೆ. ನೀವ್ ಕೇಳಿದ್ದು ಮನೇದು. ಮನೇದು ಕನ್ನಡ. ನಮ್ ಮಗ ಕನ್ನಡ, ಸೊಸೆ ಕನ್ನಡ, ಮೊಮ್ಮಗಳು ಕನ್ನಡ. ಅದಕ್ಕೆ ಮೇಡಮ್ಮು ಬೇಕು. ಬರ್ಕಳ್ಳಿ.”

ಗುಮಾಸ್ತರು ತಮಿಳಿನಲ್ಲಿ ಸಾಹೇಬರಿಗೆ ತಿಳಿಸಿದರು. ಅವರು ಬರೆದುಕೊಂಡರು. ಮಿಕ್ಕ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಕನ್ನಡ, ಕನ್ನಡ ಎಂದರು. ಮೊದಲು ತಮಿಳು ಎಂದಿದ್ದವಳು ತಿರುಗಿ ಒಳಗೆ ನುಗ್ಗಿ, “ನಂದೂ ಕನ್ನಡ ಸಾಮಿ, ಬಾಯಿ ತಪ್ಪಿ ಅಂದೆ,” ಎಂದು ಅಳುತ್ತ ಹೇಳಿದಳು. ಸಾಹೇಬರು ಅವಳದನ್ನೂ ಇನ್ನೊಮ್ಮೆ ಬರೆದರು. ಪ್ರತಿಯೊಬ್ಬರ ಸಹಿಯೂ ಕನ್ನಡದಲ್ಲಿ ಬಿತ್ತು, ಹಿಂದಿನ ಫಾರಂಗಳಲ್ಲಿ ಬಿದ್ದ ಹಾಗೆಯೇ. ಹಳೆಯ ನಕಲನ್ನು ನಾನು ಪಕ್ಕದಲ್ಲಿಟ್ಟು ತೋರಿಸಿದೆ. ಎರಡನ್ನೂ ಅವರು ಸುಮಾರು ಹೊತ್ತು ನೋಡಿದರು.

ಎಲ್ಲ ಮುಗಿದು ಸಹಿ ಹಾಕುವಾಗ ಕಡತದ ಮೇಲೆ ಎಲ್ ಎಂದು ಬರೆಯಲು ಪೆನ್ನು ಇಳಿಸಿದರು. ಸಣ್ಣ ವಿಷಯ, ಒಂದು ವರ್ಷ ಸಾಕು ಎಂದು ಅವರ ಲೆಕ್ಕ. ನಾನು ಮೇಜಿನ ಮೇಲೆ ಕೈಯಿಟ್ಟೆ.

“ಸಾರ್, ಆರ್ ಹಾಕಿ.”

ಇದಕ್ಕೆಲ್ಲ ಶಾಶ್ವತ ಯಾಕೆ ಎಂದು ಕೇಳಿದರು. ನನ್ನ ಉತ್ತರ ತಮಿಳಿನಲ್ಲೇ ಇತ್ತು, ಆದರೆ ದನಿ ತಗ್ಗಿಸಲಿಲ್ಲ. “ಒಂದು ವರ್ಷ ಇಟ್ಟು ಸುಡುವ ಕಾಗದಕ್ಕಾಗಿ ನಮ್ಮಕ್ಕ ಈ ಮಾತು ಆಡಿಲ್ಲ. ಅವಳಿಗೆ ಅದು ಎಷ್ಟು ಕಷ್ಟವಾಯಿತು ಎಂದು ನಿಮಗೆ ಗೊತ್ತಿಲ್ಲ. ನೀವು ವರ್ಗವಾಗಿ ಹೋಗುತ್ತೀರಿ. ಮುಂದೆ ಬರುವವರು ಮತ್ತೆ ಸೊನ್ನೆ ಎನ್ನುತ್ತಾರೆ. ನಾನು ಸತ್ತ ಮೇಲೆ ಆ ಶೆಡ್ಡಿನಲ್ಲಿ ಹುಡುಕಲು ಯಾರೂ ಇರುವುದಿಲ್ಲ. ಆರ್ ಹಾಕುವವರೆಗೆ ನಾನು ಎದ್ದು ಹೋಗುವುದಿಲ್ಲ.” ಹಿಂದೆ ಬೆಂಚಿನ ಮೇಲೆ ಕೂತದ್ದನ್ನು ಗುಮಾಸ್ತರು ಅವರಿಗೆ ಹೇಳಿರಬೇಕು. ಸಾಹೇಬರು ಒಮ್ಮೆ ನಿಟ್ಟುಸಿರು ಬಿಟ್ಟು ಆರ್ ಎಂದು ಬರೆದರು. ನಾನು ಕಡತದ ನಂಬರು ಬರೆದುಕೊಂಡೆ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದವಳು ತಿರುಗಿ ನಿಂತಳು. “ಸಾಪ್ಟೀಂಗಳಾ ತಂಬಿ?” ಎಂದು ಸಾಹೇಬರನ್ನು ಕೇಳಿದಳು, ಊಟವಾಯಿತಾ ತಮ್ಮಾ ಎಂದು. ಅವರು ತಬ್ಬಿಬ್ಬಾಗಿ, “ಇನ್ನು ಇಲ್ಲಮ್ಮಾ,” ಎಂದರು. “ಮೊದಲ್ಲ ಸಾಪ್ಡುಂಗ,” ಮೊದಲು ಊಟ ಮಾಡಿ ಎಂದು ಹೇಳಿ ಕೆಳಗಿಳಿದಳು.

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಊರ ಹತ್ತಿರ ಬಂದಾಗ ಒಂದೇ ಮಾತು ಅಂದಳು. “ಒಳ್ಳೆ ಮನ್ಸ ಕಣ್ಲಾ ಅವ್ನು. ಅವನ್ ಮುಂದೆ ನನ್ ಬಾಯಲ್ಲಿ ಹಂಗ್ ಅನ್ನಿಸ್ಬುಟ್ಟೆ.” ಅವಳ ಮರ್ಯಾದೆ ತಪ್ಪಲ್ಲ. ಅದನ್ನು ತಪ್ಪು ಮಾಡಿದ್ದು ಆ ಫಾರಂ. ಬಂದವರನ್ನು ಬೇರೆ ಎನ್ನದವರು ಊರಿನಲ್ಲೇ ಇಲ್ಲದವರಾಗುವುದಾದರೆ ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ, ಎಷ್ಟು ಸಹಿ ಇದ್ದರೂ ಒಪ್ಪುವುದಿಲ್ಲ.

ಬೇಸಿಗೆ ಮುಗಿದು ಶಾಲೆ ತೆರೆದಾಗ ಮೇಡಮ್ಮು ಅದೇ ಬಸ್ಸಿನಿಂದ ಇಳಿದರು. ವರ್ಗಾವಣೆಯನ್ನು ನಿಲ್ಲಿಸಿದ್ದಾರೆ ಎಂದು ಹೆಡ್ಮಾಸ್ಟರು ಹೇಳಿದರು. ಈಗಲೂ ಅದು ‘ಮುಂದಿನ ಆದೇಶದವರೆಗೆ’ ಎಂಬ ಮಾತಿನ ಮೇಲೆ ನಿಂತಿದೆ. ಆ ಮಾತಿನ ಅರ್ಥ ನನಗೆ ಗೊತ್ತು. ಬರೆದುಕೊಂಡ ಕಡತದ ನಂಬರನ್ನು ಬಾಯಿಪಾಠವೂ ಮಾಡಿಕೊಂಡಿದ್ದೇನೆ, ಅಕ್ಕನ ಮೊಮ್ಮಗಳಿಗೂ ಹೇಳಿಕೊಟ್ಟಿದ್ದೇನೆ.

ಮೊನ್ನೆ ಹೊಸ ಸರ್ವೆಗೆ ಬಂದಿದ್ದರು. ಬೇರೆ ಹುಡುಗಿ, ಈ ಸಲ ಫೋನಿನಲ್ಲಿ ತುಂಬಿಸಿಕೊಳ್ಳುವವಳು. ಬಿಸಿಲಿನಲ್ಲಿ ಬೆವೆತು ಬಂದು ಜಗಲಿಯ ಮೇಲೆ ಕೂತು, ತಮಿಳಿನಲ್ಲಿ ಒಂದೊಂದಾಗಿ ಕೇಳತೊಡಗಿದಳು. ಅಕ್ಕ ತಮಿಳಿನಲ್ಲಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಮಾತೃಭಾಷೆಯ ಪ್ರಶ್ನೆ ಬಂದಾಗ ಅಕ್ಕ ಇರು ಎಂದು ಕೈಮಾಡಿ ಒಳಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆ ತಂದಳು. ಆ ಹುಡುಗಿ ಕುಡಿದು ಮುಗಿಸುವವರೆಗೆ ಕಾದಳು. ಖಾಲಿ ಚೊಂಬನ್ನು ಕೈಗೆ ತೆಗೆದುಕೊಂಡ ಮೇಲೆ, “ಕನ್ನಡ ಕಣಮ್ಮಾ,” ಎಂದಳು. ಹುಡುಗಿ ಫೋನಿನಲ್ಲಿ ಒತ್ತಿಕೊಂಡಳು. ನಾನು ಗೋಡೆ ದಾಟಿ ಹೋಗಿ ಸರಿಯಾಗಿ ಒತ್ತಿದ್ದಾಳೆಯೇ ಎಂದು ನೋಡಿಕೊಂಡು ಬಂದೆ.